ಬಾಲ ನೋಡಿ ಹಕ್ಕಿ ಹೇಳಿ

ಫೋಟೋದಲ್ಲಿ ನೆಟ್ಟಗೆ ಸಿಕ್ಕಿರುವುದು ಬಾಲ ಒಂದೇ. ಕಲಬುರಗಿಯ ನೆಹರು ಗಂಜಿನ ಅಡತಿ ಅಂಗಡಿಯ ತಗಡಿನ ಮೇಲಿಂದ ಕಂದು ಬಣ್ಣದ ದೊಡ್ಡ ಹಕ್ಕಿಯೊಂದು ಎದ್ದಿದೆ. ಮೊಬೈಲ್ ಎತ್ತುವಷ್ಟರಲ್ಲಿ ಅದರ ತಲೆ ಚೌಕಟ್ಟಿನಾಚೆ ಹೋಗಿದೆ. ಯಾರಿಗೆ ತೋರಿಸಿದರೂ ‘ಹದ್ದು ಅಲ್ಲೇನ್ರಿ, ಅದರಾಗ ಕೇಳೋದೇನದ?’ ಎನ್ನುತ್ತಾರೆ. ಕೇಳುವುದಿದೆ. ಬೆಳೆದ ಗರುಡನನ್ನು ಬಿಳಿ ತಲೆ, ಇಟ್ಟಿಗೆಗೆಂಪು ಮೈ ನೋಡಿ ಚಿಕ್ಕ ಹುಡುಗರೂ ಹೇಳುತ್ತಾರೆ. ಮರಿ ಗರುಡನಿಗೆ ಆ ವೇಷ ಇನ್ನೂ ಬಂದಿರುವುದಿಲ್ಲ. ಅದು ಹದ್ದಿನಂತೆಯೇ ಕಂದು. ಆಗ ಉಳಿಯುವುದು ಬಾಲ: ಹದ್ದಿನ ಬಾಲದ ತುದಿ ನಡುವೆ ಸೀಳು, ಗರುಡನದು ದುಂಡು. ಇಲ್ಲೂ ಒಂದು ಮೋಸವಿದೆ. ತಿರುವು ತೆಗೆದುಕೊಳ್ಳುವಾಗ ಹದ್ದು ಬಾಲವನ್ನು ಬೀಸಣಿಗೆಯಂತೆ ಬಿಚ್ಚುತ್ತದೆ, ಸೀಳು ಮಾಯವಾಗಿ ಅಂಚು ನೇರವಾಗುತ್ತದೆ. ಅಂಚು ನೇರವಿದ್ದು ಎರಡೂ ಮೂಲೆ ಚೂಪಾಗಿದ್ದರೆ ಹದ್ದು, ಮೂಲೆಯೇ ಇಲ್ಲದಿದ್ದರೆ ಗರುಡ. ನಮ್ಮ ಫೋಟೋದಲ್ಲಿ ಮೂಲೆಗಳಿವೆ.

ಚಿತ್ರ ನೋಡಿ ಹಕ್ಕಿ ಹೇಳುವ ಈ ಆಟಕ್ಕೆ ಒಳ್ಳೆಯ ಫೋಟೋ ಬೇಡ. ಪುಸ್ತಕದ ಚಿತ್ರದಲ್ಲಿ ಹಕ್ಕಿ ಪಕ್ಕಕ್ಕೆ ತಿರುಗಿ, ಮೈಯೆಲ್ಲ ಕಾಣುವಂತೆ, ಒಳ್ಳೆಯ ಬಿಸಿಲಿನಲ್ಲಿ ನಿಂತಿರುತ್ತದೆ. ಗಂಜಿನ ಹಕ್ಕಿ ಹಾಗೆ ನಿಲ್ಲುವುದಿಲ್ಲ. ತೊಗರಿ ಹರವಿದ ಕಡೆ ಬೆನ್ನು ತಿರುಗಿಸಿ ಹೆಕ್ಕುತ್ತದೆ, ಇಲ್ಲವೇ ಕರೆಂಟ್ ತಂತಿಯ ಮೇಲೆ ಬೆಳಕಿಗೆ ಅಡ್ಡ ಕೂತು ಬರೀ ಕರಿ ನೆರಳಾಗುತ್ತದೆ. ಇಂಥ ಚಿತ್ರಗಳ ಮುಂದೆ ಮೊದಲು ಬಣ್ಣ ಕೇಳುವವರೇ ಹೆಚ್ಚು, ಸೋಲುವವರೂ ಅವರೇ. ಆಕಾರ, ಅಳತೆ, ಜಾಗ, ತಿಂಗಳು ಎಲ್ಲ ಮುಗಿದ ಮೇಲೆ ಕೇಳಬೇಕಾದ ಸಾಕ್ಷಿ ಬಣ್ಣ.

ಯಾಕೆಂದರೆ ಎಷ್ಟೋ ಬಣ್ಣ ಹಕ್ಕಿಯ ಮೈಮೇಲೆ ಇರುವುದೇ ಇಲ್ಲ. ಹುಮನಾಬಾದ್ ದಾರಿಯ ಕಮಲಾಪುರ ಕೆಂಪು ಬಾಳೆಗೆ ಹೆಸರಾದ ಊರು. ಬಾಳೆಯ ಹೂವಿಗೆ ಸೂರಕ್ಕಿಗಳು ಮಕರಂದಕ್ಕಾಗಿ ಬರುತ್ತವೆ. ನೇರಳೆ ಸೂರಕ್ಕಿಯ ಗಂಡನ್ನು ಎಲೆಯ ನೆರಳಲ್ಲಿ ತೆಗೆದರೆ ಚಿತ್ರದಲ್ಲಿ ಸಿಗುವುದು ಇದ್ದಿಲ ಚೂರಿನಂಥ ಕರಿ ಹಕ್ಕಿ. ಅದೇ ಹಕ್ಕಿ ಬಿಸಿಲಿಗೆ ಕತ್ತು ಹೊರಳಿಸಿದರೆ ನೀಲಿ, ನೇರಳೆ, ಹಸಿರು. ಗರಿಯ ನವಿರೆಳೆಗಳಲ್ಲಿ ಮೆಲನಿನ್ ಎಂಬ ಕಪ್ಪು ವಸ್ತುವಿನ ಕಣಗಳು ಕೆರಾಟಿನ್ ಪದರದೊಳಗೆ ಸಾಲಾಗಿ ಜೋಡಣೆಯಾಗಿವೆ. ಬೇರೆ ಬೇರೆ ಪದರಗಳಿಂದ ಮರಳುವ ಬೆಳಕಿನ ಅಲೆಗಳು ಒಂದರ ಮೇಲೊಂದು ಬಿದ್ದಾಗ ಕೆಲವು ಬಣ್ಣ ಬಲಗೊಳ್ಳುತ್ತವೆ, ಕೆಲವು ಅಳಿಯುತ್ತವೆ. ನೋಡುವ ಕೋನ ಬದಲಾದರೆ ಲೆಕ್ಕವೂ ಬದಲು. ಪಾರಿವಾಳದ ಕೊರಳು ಮಿನುಗುವುದೂ ಹೀಗೆಯೇ. ಮರಿ ಮಾಡುವ ಕಾಲ ಮುಗಿದ ಮೇಲೆ ಈ ಗಂಡು ಸೂರಕ್ಕಿ ಆ ಮಿನುಗನ್ನೂ ಕಳಚಿ ಹೆಣ್ಣಿನಂತೆ ಹಳದಿ-ಕಂದಾಗುತ್ತದೆ. ಗಂಟಲಿನಿಂದ ಹೊಟ್ಟೆಯವರೆಗೆ ಎಳೆದ ಒಂದು ಕಪ್ಪು ಗೆರೆ ಮಾತ್ರ ಅದರ ಗುಟ್ಟು ಬಿಟ್ಟುಕೊಡುತ್ತದೆ.

ಗುಬ್ಬಿಯದು ಇನ್ನೂ ಸೊಗಸು. ಗಂಡು ಗುಬ್ಬಿಯ ಗಂಟಲಲ್ಲಿ ಕಪ್ಪು ಮಚ್ಚೆ ಇರುತ್ತದೆ ಎಂದು ಎಲ್ಲರಿಗೂ ಗೊತ್ತು. ಆದರೆ ಆಗತಾನೆ ಹೊಸ ಗರಿ ಬಂದ ಗಂಡಿನಲ್ಲಿ ಮಚ್ಚೆ ಸರಿಯಾಗಿ ಕಾಣುವುದಿಲ್ಲ; ಕಪ್ಪು ಗರಿಗಳ ತುದಿಯೆಲ್ಲ ಮಾಸಲು ಬಿಳಿ. ಆ ತುದಿಗಳು ತಿಂಗಳುಗಟ್ಟಲೆ ಸವೆದು ಉದುರಿದ ಮೇಲೆ ಒಳಗಿನ ಕಪ್ಪು ಹೊರಬರುತ್ತದೆ. ಹೊಸ ಗರಿ ತೊಡದೆಯೇ, ಹಳೆಯದನ್ನು ಸವೆಸಿಯೇ ಮದುಮಗನ ವೇಷ!

ಗುಬ್ಬಿಯ ಗಂಟಲು ಭಾರತದ ಪಕ್ಷಿವಿಜ್ಞಾನದ ದಾರಿಯನ್ನೇ ತಿರುಗಿಸಿದ್ದೂ ಉಂಟು. ಮುಂಬೈಯಲ್ಲಿ ಹುಡುಗನಾಗಿದ್ದ ಸಲೀಂ ಅಲಿ ಏರ್‌ಗನ್ನಿನಿಂದ ಹೊಡೆದ ಗುಬ್ಬಿಯೊಂದರ ಗಂಟಲಲ್ಲಿ ಹಳದಿ ಕಲೆಯಿತ್ತು. ಇದೇನೆಂದು ಕೇಳಲು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಹೋದಾಗ ಅಲ್ಲಿನ ಡಬ್ಲ್ಯು. ಎಸ್. ಮಿಲಾರ್ಡ್ ಅದನ್ನು ಹಳದಿ ಗಂಟಲಿನ ಗುಬ್ಬಿ ಎಂದು ಗುರುತಿಸಿ, ಕಪಾಟು ತೆರೆದು ಸಂಗ್ರಹದ ಹಕ್ಕಿಗಳನ್ನೆಲ್ಲ ತೋರಿಸಿದರು. ಮುಂದೆ ಅದೇ ಸಲೀಂ ಅಲಿ 1930ರ ದಶಕದ ಆರಂಭದಲ್ಲಿ ಹೈದರಾಬಾದ್ ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸಿದರು; ಈಗ ಕಲಬುರಗಿ ಎನ್ನುವ ಗುಲಬರ್ಗಾ ಆಗ ನಿಜಾಮನ ಜಿಲ್ಲೆ. ಈ ಗುಬ್ಬಿಯ ಹಳದಿ ಕಲೆ ಫೋಟೋದಲ್ಲಿ ಸಿಗುವುದು ಕಷ್ಟ, ಹೆಣ್ಣಿನಲ್ಲಂತೂ ಇದ್ದೂ ಇಲ್ಲದಂತೆ. ಬೆನ್ನು ನೋಡಿ: ಮನೆಗುಬ್ಬಿಗೆ ಬೆನ್ನ ಮೇಲೆ ಗೀರುಗಳಿವೆ, ಇದಕ್ಕಿಲ್ಲ.

ಇನ್ನು ಅಳತೆ. ಚಿತ್ರದಲ್ಲಿ ಹಕ್ಕಿ ಎಷ್ಟು ದೊಡ್ಡದೆಂದು ತಿಳಿಯುವುದೇ ಇಲ್ಲ, ಪಕ್ಕದಲ್ಲಿ ಗೊತ್ತಿರುವ ವಸ್ತು ಇರಬೇಕು. ಸಲೀಂ ಅಲಿ 1941ರಲ್ಲಿ ಹೊರತಂದ ಭಾರತದ ಹಕ್ಕಿಗಳ ಪುಸ್ತಕದಲ್ಲಿ ಹಿಡಿದ ದಾರಿಯೂ ಅದೇ: ಗುಬ್ಬಿಯಷ್ಟು, ಗೊರವಂಕಕ್ಕಿಂತ ದೊಡ್ಡದು, ಪಾರಿವಾಳಕ್ಕಿಂತ ಸಣ್ಣದು. ಗುಬ್ಬಿ ಸುಮಾರು 15 ಸೆಂ.ಮೀ., ಗೊರವಂಕ 23. ಗಂಜಿನಲ್ಲಿ ಗೊತ್ತಿರುವ ವಸ್ತುಗಳಿಗೆ ಬರವಿಲ್ಲ. ಚೀಲದ ಬಾಯಿ, ತಕ್ಕಡಿಯ ಸರಪಳಿ, ನೆಲದ ಮೇಲಿನ ತೊಗರಿ ಕಾಳು, ಯಾವುದಾದರೂ ನಡೆಯುತ್ತದೆ.

ಹಾಗಿದ್ದೂ ಬೆಳವಗಳು ಸೋಲಿಸುತ್ತವೆ. ಚುಕ್ಕೆ ಬೆಳವದ ಗುರುತು ಹಿಂಗೊರಳಲ್ಲಿ, ಕಪ್ಪಿನ ಮೇಲೆ ಬಿಳಿ ಚುಕ್ಕೆಗಳು. ಕೊರಳಪಟ್ಟಿಯ ಬೆಳವಕ್ಕೂ ಅಲ್ಲೇ, ಅರ್ಧ ಉಂಗುರದಂಥ ಕರಿ ಪಟ್ಟಿ. ಕಂದು ಬೆಳವ ಮಾತ್ರ ತನ್ನ ಗುರುತನ್ನು, ಕೆಂಗಂದಿನ ಮೇಲೆ ಕರಿ ಚುಕ್ಕೆಗಳ ಅಂಚನ್ನು, ಕೊರಳ ಮುಂದುಗಡೆ ಹೊತ್ತಿರುತ್ತದೆ. ಹೀಗಾಗಿ ಬೆಳವ ಎದುರಿಗೆ ಮುಖ ಮಾಡಿ ನಿಂತಿದ್ದರೆ ಮೊದಲೆರಡರ ಚೀಟಿ ಬೆನ್ನಿನ ಕಡೆ ಉಳಿಯಿತು. ಹಕ್ಕಿ ಎಷ್ಟೇ ಸ್ಪಷ್ಟವಾಗಿದ್ದರೂ ಬೇಕಾದ ಬೆರಳಗಲ ಜಾಗ ಚಿತ್ರದಲ್ಲಿಲ್ಲ.

ಈ ಆಟದಲ್ಲಿ ಸೋಲುವವರು ಮನುಷ್ಯರಷ್ಟೇ ಅಲ್ಲ. ಬಿಜ್ಜು ಎಂಬ ಸಣ್ಣ ಬೇಟೆ ಹಕ್ಕಿ ಊರಿನ ಬೇವು, ಹುಣಸೆ ಮರಗಳಲ್ಲಿ ಅಪರೂಪವೇನಲ್ಲ. ಅದನ್ನೇ ಹೋಲುವ ಕೋಗಿಲೆಯೊಂದಿದೆ. ಬೇಸಿಗೆ ರಾತ್ರಿಗಳಲ್ಲಿ ಏರುದನಿಯಲ್ಲಿ ಕೂಗುವ ಇದರ ದನಿ ‘ಬ್ರೈನ್ ಫೀವರ್’ ಎಂದಂತೆ ಕೇಳುವುದರಿಂದ ಬ್ರಿಟಿಷರು ಇದನ್ನು ಬ್ರೈನ್ ಫೀವರ್ ಹಕ್ಕಿ ಎಂದರು. ಬೂದು ಬೆನ್ನು, ಪಟ್ಟೆ ಬಾಲ, ಹಾರುವ ಠೀವಿ ಕೂಡ ಬಿಜ್ಜುವಿನದೇ. ಹೀಗೆ ಬೇಟೆಗಾರನ ವೇಷ ತೊಟ್ಟು ಕೋಗಿಲೆಗೆ ಏನು ಲಾಭ? ಕೇಂಬ್ರಿಜ್‌ನ ನಿಕ್ ಡೇವಿಸ್ ಮತ್ತು ಜಸ್ಟಿನ್ ವೆಲ್ಬರ್ಗನ್ ಇದನ್ನು ಯುರೋಪಿನ ಕೋಗಿಲೆಯ ಮೇಲೆ ಪರೀಕ್ಷಿಸಿ 2008ರಲ್ಲಿ ವರದಿ ಮಾಡಿದರು. ಹಕ್ಕಿಗಳಿಗೆ ಕಾಳಿಡುವ ಜಾಗದ ಬಳಿ ಸತ್ತ ಕೋಗಿಲೆಯ ಮಾದರಿ ಇಟ್ಟಾಗ, ಕೋಗಿಲೆಯ ಕಾಟವೇ ಇಲ್ಲದ ಸಣ್ಣ ಹಕ್ಕಿಗಳೂ ಬೇಟೆ ಹಕ್ಕಿಯನ್ನು ಕಂಡಷ್ಟೇ ಹೆದರಿದವು. ಎದೆಯ ಪಟ್ಟೆಗಳನ್ನು ಮರೆಮಾಡಿದಾಗ ಹೆದರಿಕೆ ಇಳಿಯಿತು. ಕೋಗಿಲೆಯ ವೇಷ ನಿಂತಿದ್ದೇ ಆ ಪಟ್ಟೆಗಳ ಮೇಲೆ. ನಾವು ಮಾತ್ರ ಪಟ್ಟೆ ಬಿಟ್ಟು ಕೊಕ್ಕಿಗೆ ಹೋಗಬೇಕು. ಬಿಜ್ಜುವಿನ ಕೊಕ್ಕು ಮೂಲದಿಂದಲೇ ಕೊಕ್ಕೆಯಾಗಿ ಬಾಗಿರುತ್ತದೆ, ಕೋಗಿಲೆಯದು ಹೆಚ್ಚು ಕಡಿಮೆ ನೇರ. ಮಾಂಸ ಹರಿಯುವ ಬಾಯಿಗೂ ಕಂಬಳಿಹುಳ ನುಂಗುವ ಬಾಯಿಗೂ ಇರುವ ಅಂತರ ಇದು, ವೇಷದಿಂದ ಮುಚ್ಚಲಾಗದ್ದು.

ಈಗ ಮೊಬೈಲೇ ಆಟಕ್ಕಿಳಿದಿದೆ. ಅಮೆರಿಕದ ಕಾರ್ನೆಲ್ ಪಕ್ಷಿ ಪ್ರಯೋಗಾಲಯದ ಮರ್ಲಿನ್ ಆ್ಯಪ್‌ಗೆ ಫೋಟೋ ಕೊಟ್ಟರೆ ಹೆಸರು ಹೇಳುತ್ತದೆ. ಆದರೆ ಎಲ್ಲಿ ತೆಗೆದದ್ದು, ಯಾವಾಗ ಎಂದು ಅದೂ ಕೇಳುತ್ತದೆ ಎನ್ನುವುದನ್ನು ಗಮನಿಸಿ. ಭಾರತದಲ್ಲಿ 1,300ಕ್ಕೂ ಹೆಚ್ಚು ಜಾತಿಯ ಹಕ್ಕಿಗಳಿವೆ; ಕಲಬುರಗಿ ಎಂದೊಡನೆ ಮುಕ್ಕಾಲು ಪಾಲು ಪಟ್ಟಿ ಹಾರಿಹೋಗುತ್ತದೆ. ತಿಂಗಳೂ ಅಷ್ಟೇ ಗಟ್ಟಿ. ಜೋಳ ತೆನೆಗಟ್ಟುವ ಚಳಿಗಾಲದಲ್ಲಿ ಗೊರವಂಕಗಳ ಜೊತೆ ಮಾಸಲು ಮರಳು ಬಣ್ಣದ, ಹಳದಿ ಕೊಕ್ಕಿನ ಹಕ್ಕಿ ಕಂಡರೆ ಅದು ಗುಲಾಬಿ ಕಬ್ಬಕ್ಕಿಯ ಮರಿಯಾಗಿರಬಹುದು. ಹೆಸರಿನ ಗುಲಾಬಿ ಅದರ ಮೈಮೇಲೆ ಎಲ್ಲೂ ಇಲ್ಲ. ಅದೇ ಊಹೆಯನ್ನು ಜೂನ್ ತಿಂಗಳ ಚಿತ್ರಕ್ಕೆ ಹಚ್ಚಿದರೆ ನಡೆಯದು, ಆಗ ಇವು ಮಧ್ಯ ಏಷ್ಯಾದ ಕಡೆ ಮರಿ ಮಾಡುತ್ತಿರುತ್ತವೆ.

ಆ ಎದುರುಮುಖದ ಬೆಳವದ ಫೋಟೋಗೆ ಏನು ಉತ್ತರ ಬರೆಯುವುದು? ಪ್ರತಿ ಫೆಬ್ರುವರಿಯಲ್ಲಿ ನಾಲ್ಕು ದಿನ ಜಗತ್ತಿನೆಲ್ಲೆಡೆ ಮನೆಯಂಗಳದ ಹಕ್ಕಿಗಳ ಎಣಿಕೆ ನಡೆಯುತ್ತದೆ. 1998ರಲ್ಲಿ ಉತ್ತರ ಅಮೆರಿಕದಲ್ಲಿ ಶುರುವಾದ ಇದಕ್ಕೆ ಭಾರತ 2013ರಲ್ಲಿ ಸೇರಿತು. ಎಣಿಕೆಯ ಪಟ್ಟಿ ಸೇರುವ ಇ-ಬರ್ಡ್‌ನಲ್ಲಿ ಜಾತಿ ಖಚಿತವಾಗದ ಬೆಳವಕ್ಕೂ ಒಂದು ಸಾಲಿದೆ. ‘ಬೆಳವ, ಯಾವುದೋ ಒಂದು’ ಎಂದು ನಮೂದಿಸಿ ಸಂಖ್ಯೆ ಬರೆದರೆ ಅದನ್ನೂ ಪಟ್ಟಿ ಸ್ವೀಕರಿಸುತ್ತದೆ.