ತೆರೆಯಲ್ಲಿಲ್ಲದ್ದನ್ನೂ ಕಾಣಿಸಿದ ಸಂಕಲನ

ಸೋವಿಯತ್ ನಿರ್ದೇಶಕ ಸೆರ್ಗೆಯ್ ಐಸೆನ್‌ಸ್ಟೈನ್ 1925ರಲ್ಲಿ ತೆಗೆದ ‘ಬ್ಯಾಟಲ್‌ಶಿಪ್ ಪೊಟೆಮ್‌ಕಿನ್’ ಸುಮಾರು 75 ನಿಮಿಷಗಳ ಮೂಕಿ ಚಿತ್ರ. ಇದರಲ್ಲಿ 1300ಕ್ಕೂ ಹೆಚ್ಚು ಶಾಟ್‌ಗಳಿವೆ. ಅಂದರೆ ಸರಾಸರಿ ಮೂರು-ನಾಲ್ಕು ಸೆಕೆಂಡಿಗೊಮ್ಮೆ ತೆರೆಯ ಮೇಲಿನ ಚಿತ್ರ ಬದಲಾಗುತ್ತದೆ. ಕಥೆ ಸರಳ. 1905ರಲ್ಲಿ ರಷ್ಯದ ಯುದ್ಧನೌಕೆಯೊಂದರ ನಾವಿಕರು ಹುಳು ಬಿದ್ದ ಮಾಂಸವನ್ನು ತಿನ್ನಲೊಲ್ಲದೆ ಬಂಡೇಳುತ್ತಾರೆ. ಒಡೆಸ್ಸಾ ನಗರದ ಜನ ಅವರ ಬೆಂಬಲಕ್ಕೆ ಬರುತ್ತಾರೆ, ಝಾರ್ ದೊರೆಯ ಸೈನಿಕರು ಆ ಜನರ ಮೇಲೆ ಗುಂಡು ಹಾರಿಸುತ್ತಾರೆ. ಈ ಚಿತ್ರ ನೂರು ವರ್ಷ ಉಳಿದದ್ದು ಕಥೆಯಿಂದಲ್ಲ, ಶಾಟ್‌ಗಳನ್ನು ಜೋಡಿಸಿದ ಬಗೆಯಿಂದ. ಆ ಜೋಡಣೆಗೆ ‘ಮಾಂಟಾಜ್’ ಎಂದು ಹೆಸರು.

ಜೋಡಣೆಯೇ ಅರ್ಥ ಹುಟ್ಟಿಸುತ್ತದೆ ಎಂಬ ವಿಚಾರ ಆಗಿನ ಮಾಸ್ಕೋದಲ್ಲಿ ಪ್ರಯೋಗದ ವಸ್ತುವಾಗಿತ್ತು. ಲೆವ್ ಕುಲೆಶೋವ್ ಎಂಬ ನಿರ್ದೇಶಕ ಇವಾನ್ ಮೊಝುಖಿನ್ ಎಂಬ ನಟನ ನಿರ್ಭಾವ ಮುಖದ ಒಂದೇ ಶಾಟನ್ನು ಸೂಪಿನ ತಟ್ಟೆ, ಶವಪೆಟ್ಟಿಗೆಯಲ್ಲಿ ಮಲಗಿದ ಹೆಂಗಸು, ಆಡುತ್ತಿರುವ ಮಗು ಇವುಗಳ ಪಕ್ಕಕ್ಕೆ ಬೇರೆಬೇರೆಯಾಗಿ ಜೋಡಿಸಿ ತೋರಿಸಿದ. ನೋಡಿದವರಿಗೆ ಅದೇ ಮುಖದಲ್ಲಿ ಹಸಿವು, ದುಃಖ, ವಾತ್ಸಲ್ಯ ಕಂಡವು ಎಂದು ಅವನ ಶಿಷ್ಯ ಪುಡೋವ್‌ಕಿನ್ ಬರೆದಿದ್ದಾನೆ. ಮೂಲ ಪ್ರಯೋಗದ ರೀಲು ಉಳಿದಿಲ್ಲ. ಇಟ್ಟಿಗೆಯ ಮೇಲೆ ಇಟ್ಟಿಗೆ ಇಟ್ಟಂತೆ ಶಾಟ್‌ಗಳು ಒಂದಕ್ಕೊಂದು ಕೂಡಿಕೊಳ್ಳಬೇಕೆಂಬುದು ಪುಡೋವ್‌ಕಿನ್ ನಿಲುವು. ಐಸೆನ್‌ಸ್ಟೈನ್ ಒಪ್ಪಲಿಲ್ಲ. ಎರಡು ಶಾಟ್‌ಗಳು ಡಿಕ್ಕಿ ಹೊಡೆದಾಗ ಎರಡರಲ್ಲೂ ಇಲ್ಲದ ಮೂರನೆಯ ಅರ್ಥ ನೋಡುವವನ ತಲೆಯಲ್ಲಿ ಹುಟ್ಟಬೇಕು ಎಂಬುದು ಅವನ ವಾದ. ಹೀಗಾಗಿ ಅವನ ಲೆಕ್ಕದಲ್ಲಿ ಪ್ರೇಕ್ಷಕ ಬರಿಯ ನೋಟಕನಲ್ಲ, ಚಿತ್ರವನ್ನು ಪೂರ್ಣಗೊಳಿಸುವವನು.

ಒಡೆಸ್ಸಾದ ಮೆಟ್ಟಿಲುಗಳ ದೃಶ್ಯ ಈ ವಾದಕ್ಕೆ ಅತ್ಯಂತ ಪ್ರಸಿದ್ಧ ನಿದರ್ಶನ. ಬಂದೂಕು ಹಿಡಿದ ಸೈನಿಕರ ಸಾಲು ಒಂದೇ ಲಯದಲ್ಲಿ ಮೆಟ್ಟಿಲಿಳಿಯುತ್ತದೆ, ಅವರ ಮುಂದೆ ಜನ ದಿಕ್ಕಾಪಾಲಾಗಿ ಓಡುತ್ತಾರೆ. ಸೈನಿಕರ ಮುಖಗಳು ಹೆಚ್ಚೂಕಡಿಮೆ ಕಾಣುವುದೇ ಇಲ್ಲ. ಕಾಣುವುದು ಬೂಟು, ಬಂದೂಕು, ನೆರಳು. ಜನರದ್ದಾದರೋ ಮುಖಗಳೇ ತೆರೆ ತುಂಬುತ್ತವೆ. ಎಲ್ಲರೂ ಕೆಳಕ್ಕೆ ಧಾವಿಸುವಾಗ ಗುಂಡೇಟು ತಿಂದ ಮಗನನ್ನು ಎತ್ತಿಕೊಂಡ ತಾಯಿಯೊಬ್ಬಳು ಸೈನಿಕರತ್ತ ಮೇಲಕ್ಕೆ ನಡೆಯುತ್ತಾಳೆ. ಅನಂತರ ಇನ್ನೊಬ್ಬ ತಾಯಿ ಗುಂಡಿಗೆ ಬಲಿಯಾಗಿ, ಅವಳ ಕೈತಪ್ಪಿದ ಮಗುವಿನ ತಳ್ಳುಗಾಡಿ ಮೆಟ್ಟಿಲುಗಳ ಮೇಲೆ ಉರುಳುತ್ತದೆ. ಅಷ್ಟು ಮೆಟ್ಟಿಲಿಳಿಯಲು ನಿಜಕ್ಕೂ ಬೇಕಾಗುವ ಹೊತ್ತಿಗಿಂತ ಹೆಚ್ಚು ಹೊತ್ತು ಈ ಇಳಿತ ತೆರೆಯ ಮೇಲೆ ನಡೆಯುತ್ತದೆ. ಒಂದೇ ಗಳಿಗೆಯನ್ನು ಹಲವು ಕೋನಗಳಿಂದ ಮತ್ತೆ ಮತ್ತೆ ತೋರಿಸಿ ನಿರ್ದೇಶಕ ಕಾಲವನ್ನೇ ಹಿಗ್ಗಿಸಿದ್ದಾನೆ. ಓಟ ಮುಗಿಯುವುದೇ ಇಲ್ಲವೇನೋ ಎಂಬ ಉಸಿರುಗಟ್ಟುವಿಕೆ ನೋಡುವವರಲ್ಲಿ ಹುಟ್ಟುವುದು ಇದರಿಂದ.

ದೃಶ್ಯದ ಕೊನೆಯಲ್ಲಿ ಕೊಸಾಕ್ ಸೈನಿಕನೊಬ್ಬ ಕತ್ತಿ ಬೀಸುತ್ತಾನೆ. ಮರುಕ್ಷಣ ಕನ್ನಡಕ ಒಡೆದು, ಕಣ್ಣಿನಿಂದ ರಕ್ತ ಸುರಿಯುತ್ತಿರುವ ಹೆಂಗಸಿನ ಮುಖ ಕಾಣುತ್ತದೆ. ಕತ್ತಿ ಮುಖಕ್ಕೆ ತಗಲುವುದನ್ನು ಯಾವ ಶಾಟೂ ತೋರಿಸುವುದಿಲ್ಲ. ಆದರೂ ಆ ಏಟನ್ನು ಕಣ್ಣಾರೆ ಕಂಡೆವೆಂಬ ಭಾವನೆ ನೋಡುವವರಲ್ಲಿ ಉಳಿಯುತ್ತದೆ. ತಳ್ಳುಗಾಡಿಯದೂ ಇದೇ ಕಥೆ. ಅದು ಮಗುಚತೊಡಗುತ್ತಿದ್ದಂತೆ ಶಾಟ್ ಕತ್ತರಿಸಿಹೋಗುತ್ತದೆ. ಮಗುವಿಗೆ ಏನಾಯಿತೆಂಬುದನ್ನು ಪ್ರೇಕ್ಷಕ ತಾನೇ ಊಹಿಸಿಕೊಳ್ಳುತ್ತಾನೆ.

ಗೋಲಿಬಾರಿಗೆ ಉತ್ತರವಾಗಿ ಹಡಗಿನ ಫಿರಂಗಿ ಸಿಡಿದಾಗ ಕಲ್ಲಿನ ಸಿಂಹವೊಂದು ಎದ್ದು ನಿಂತಂತೆ ಕಾಣುತ್ತದೆ. ಅದು ಒಂದು ಸಿಂಹವಲ್ಲ. ಕ್ರಿಮಿಯಾದ ಆಲುಪ್ಕಾ ಅರಮನೆಯಲ್ಲಿ ಮಲಗಿದ, ಎಚ್ಚರಗೊಳ್ಳುವ, ಎದ್ದ ಭಂಗಿಗಳ ಬೇರೆಬೇರೆ ವಿಗ್ರಹಗಳಿವೆ. ಅವುಗಳ ಮೂರು ಶಾಟ್‌ಗಳನ್ನು ಒತ್ತೊತ್ತಾಗಿ ಇಟ್ಟಾಗ ಕಲ್ಲು ಚಲಿಸಿತು. ಜನಶಕ್ತಿ ಎಚ್ಚೆತ್ತಿತೆಂದು ಕೆಲವರು, ಕ್ರೌರ್ಯಕ್ಕೆ ಕಲ್ಲೂ ಕೆರಳಿತೆಂದು ಇನ್ನು ಕೆಲವರು ಇದಕ್ಕೆ ಅರ್ಥ ಹೇಳಿದ್ದಾರೆ.

1925ರ ಡಿಸೆಂಬರಿನಲ್ಲಿ ಮಾಸ್ಕೋದ ಬೊಲ್ಶೊಯ್ ರಂಗಮಂದಿರದಲ್ಲಿ ಚಿತ್ರದ ಮೊದಲ ಪ್ರದರ್ಶನ ನಡೆಯಿತು. ಹಡಗಿನ ಮೇಲೇರುವ ಬಾವುಟವನ್ನು ಫ್ರೇಮ್ ಫ್ರೇಮಿಗೂ ಕೈಯಿಂದ ಕೆಂಪು ಬಳಿದು ತೋರಿಸಲಾಗಿತ್ತು. ಮರುವರ್ಷ ಬರ್ಲಿನ್‌ನಲ್ಲಿ ಎಡ್ಮಂಡ್ ಮೈಸೆಲ್ ರಚಿಸಿದ ಸಂಗೀತದೊಡನೆ ತೆರೆಕಂಡು ಚಿತ್ರ ದೊಡ್ಡ ಸುದ್ದಿಯಾಯಿತು. ಹಾಲಿವುಡ್ಡಿನ ತಾರೆ ಡಗ್ಲಸ್ ಫೇರ್‌ಬ್ಯಾಂಕ್ಸ್ ಮೆಚ್ಚಿ ಮಾತಾಡಿದ. ಸರ್ಕಾರಗಳು ಮಾತ್ರ ಬೆಚ್ಚಿದವು. ಜರ್ಮನಿಯಲ್ಲಿ ಸೆನ್ಸಾರ್ ಕತ್ತರಿ ಆಡಿತು, ಸೈನಿಕರು ಚಿತ್ರ ನೋಡಬಾರದೆಂಬ ಆಜ್ಞೆಯೂ ಹೊರಟಿತು. ಬ್ರಿಟನ್ನಿನಲ್ಲಿ ಸಾರ್ವಜನಿಕ ಪ್ರದರ್ಶನಕ್ಕೆ ಪ್ರಮಾಣಪತ್ರ ಸಿಕ್ಕಿದ್ದು 1954ರಲ್ಲಿ. ಕಮ್ಯುನಿಸ್ಟರ ಕಡುವೈರಿ, ನಾಜಿ ಪ್ರಚಾರ ಸಚಿವ ಗೊಬೆಲ್ಸ್ 1933ರಲ್ಲಿ ಇದೇ ಚಿತ್ರವನ್ನು ಕಲೆಯ ಮಾದರಿಯೆಂದು ಹೊಗಳಿದ. ಮಾಂಟಾಜಿನ ಬಲ ಯಾವ ಪಕ್ಷದ ಕೈಗಾದರೂ ಒದಗಬಲ್ಲದೆಂಬುದನ್ನು ಅವನು ಸರಿಯಾಗಿಯೇ ಗುರುತಿಸಿದ್ದ.

ಈ ಬಲದ ಬಗ್ಗೆ ಗಂಭೀರ ಆಕ್ಷೇಪ ಎತ್ತಿದವನು ಫ್ರೆಂಚ್ ವಿಮರ್ಶಕ ಆಂದ್ರೆ ಬಜಾನ್. ಮಾಂಟಾಜ್ ನೋಡುವವನಿಗೆ ಆಯ್ಕೆ ಬಿಡುವುದಿಲ್ಲ, ಅರ್ಥವನ್ನು ಅವನ ಮೇಲೆ ಹೇರುತ್ತದೆ. ದೀರ್ಘ ಶಾಟ್ ಆದರೆ ಏನನ್ನು ನೋಡಬೇಕೆಂಬ ಸ್ವಾತಂತ್ರ್ಯ ಅವನದೇ ಆಗುತ್ತದೆ ಎಂಬುದು ಅವನ ನಿಲುವು. ಇದಕ್ಕೆ ಪುಷ್ಟಿ ಕೊಡುವ ಸಂಗತಿಯೂ ಇದೆ. 1905ರಲ್ಲಿ ಒಡೆಸ್ಸಾದಲ್ಲಿ ಹಿಂಸಾಚಾರ ನಡೆದು ಬಹಳ ಮಂದಿ ಸತ್ತದ್ದು ನಿಜ. ಮೆಟ್ಟಿಲುಗಳ ಮೇಲಿನ ಹತ್ಯಾಕಾಂಡ ಮಾತ್ರ ಚಿತ್ರದಲ್ಲಿ ಕಾಣುವಂತೆ ನಡೆದದ್ದಲ್ಲ. ಅದನ್ನೇ ಇತಿಹಾಸವೆಂದು ನಂಬಿದವರು ಅನೇಕರು.

ಭಾರತದಲ್ಲೂ ಈ ಚಿತ್ರಕ್ಕೆ ಗಣ್ಯ ಸ್ಥಾನವಿದೆ. ಸತ್ಯಜಿತ್ ರಾಯ್ ಮತ್ತು ಗೆಳೆಯರು 1947ರಲ್ಲಿ ಕಟ್ಟಿದ ಕಲ್ಕತ್ತಾ ಫಿಲ್ಮ್ ಸೊಸೈಟಿ ಮೊದಲು ತೋರಿಸಿದ್ದು ಇದನ್ನೇ.

ಇಂದು ನೋಡುವವರಿಗೆ ಚಿತ್ರದ ಅಭಿನಯ ಅತಿಯೆನಿಸಬಹುದು, ಒಳ್ಳೆಯವರು-ಕೆಟ್ಟವರೆಂಬ ವಿಂಗಡಣೆ ತೀರ ಸರಳವೆನಿಸಬಹುದು. ಸಂಗೀತ ಬದಲಾದರೆ ಅನುಭವವೂ ಬದಲಾಗುತ್ತದೆ. ಮೂಕಿ ಕಾಲದ ನಿಧಾನ ವೇಗಕ್ಕೆ ತೆಗೆದದ್ದನ್ನು ಸೆಕೆಂಡಿಗೆ 24 ಫ್ರೇಮಿನಂತೆ ಓಡಿಸಿದರೆ ಜನರ ನಡಿಗೆ ನಗೆ ಬರಿಸುವಷ್ಟು ಚುರುಕಾಗುತ್ತದೆ. ಆದರೆ ಮೆಟ್ಟಿಲುಗಳ ದೃಶ್ಯ ಮಾಸಿಲ್ಲ. ಜಾಹೀರಾತು, ಚುನಾವಣಾ ಪ್ರಚಾರ, ಮೊಬೈಲಿನ ಚುಟುಕು ವಿಡಿಯೊ ಎಲ್ಲವೂ ಒಂದು ಚಿತ್ರದ ಪಕ್ಕ ಇನ್ನೊಂದನ್ನಿಟ್ಟೇ ನೋಡುವವರ ಮನಸ್ಸನ್ನು ತಿರುಗಿಸುತ್ತಿವೆ. ಕಂಡದ್ದೆಷ್ಟು, ತಾನೇ ಕೂಡಿಸಿಕೊಂಡದ್ದೆಷ್ಟು ಎಂದು ಬೇರ್ಪಡಿಸಿ ನೋಡುವ ಅಭ್ಯಾಸಕ್ಕೆ ಪೊಟೆಮ್‌ಕಿನ್‌ಗಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ.