ಮುಂದಿನ ಚಕ್ರ ಎತ್ತಿದರೆ ಸಾಲದು

ಕಾರು ಕೆಟ್ಟು ನಿಂತರೆ ಮುಂದಿನ ಎರಡು ಚಕ್ರ ಎತ್ತು, ಹಿಂದಿನ ಎರಡನ್ನು ಉರುಳಲು ಬಿಡು, ಎಳೆದುಕೊಂಡು ಹೋಗು. ನಮ್ಮ ಟೋಯಿಂಗ್ ಗಾಡಿಗಳ ವಿದ್ಯೆ ಬಹುಮಟ್ಟಿಗೆ ಇಷ್ಟೇ. ನಲವತ್ತು ವರ್ಷ ಇದು ಸರಿಯಾಗಿಯೇ ನಡೆಯಿತು. ಅದಕ್ಕೆ ಕಾರಣ ಮಾರುತಿ 800. 1983ರಲ್ಲಿ ರಸ್ತೆಗಿಳಿದ ಆ ಪುಟ್ಟ ಕಾರಿಗೆ ಎಂಜಿನ್ನೂ ಮುಂದೆ, ಗಾಡಿ ಎಳೆಯುವ ಚಕ್ರಗಳೂ ಮುಂದೆ. ಆಮೇಲೆ ಬಂದ ಸ್ಯಾಂಟ್ರೊ, ಇಂಡಿಕಾ, ಸ್ವಿಫ್ಟ್ ಎಲ್ಲವೂ ಅದೇ ಜಾತಿ. ಹಿಂದಿನ ಚಕ್ರ ತಿರುಗಿಸಿ ಓಡುತ್ತಿದ್ದ ಅಂಬಾಸಡರಿನ ಲೆಕ್ಕವನ್ನು ಮೆಕ್ಯಾನಿಕ್ಕುಗಳು ಮರೆತರು. ಮರೆತದ್ದರಿಂದ ನಷ್ಟವೇನೂ ಆಗಲಿಲ್ಲ.

ಈಗ ಆಗುತ್ತದೆ. ಎಂಜಿ ಕಾಮೆಟ್ಟಿಗೆ ಮೋಟಾರು ಹಿಂದೆ. ಮಹೀಂದ್ರಾದ ಬಿಇ 6, ಎಕ್ಸ್‌ಇವಿ 9ಇ, ಹ್ಯುಂಡೈ ಅಯೋನಿಕ್ 5ಕ್ಕೂ ಹಿಂದೆಯೇ. ಟಾಟಾ ನೆಕ್ಸಾನ್ ಇವಿಗೆ ಮುಂದೆ. 2025ರಲ್ಲಿ ಬಂದ ಹ್ಯಾರಿಯರ್ ಇವಿಯ ಒಂದು ಮಾದರಿಗೆ ಹಿಂದೆ ಮಾತ್ರ, ಇನ್ನೊಂದಕ್ಕೆ ಎರಡೂ ಕಡೆ. ಹೊರಗಿನಿಂದ ನೋಡಿದರೆ ಎಲ್ಲಕ್ಕೂ ಮುಂದೆ ಬಾನೆಟ್ಟಿದೆ, ಹಾಗಾಗಿ ಕಣ್ಣಂದಾಜಿನಲ್ಲಿ ಕೆಲಸ ಮಾಡುವವನು ಮೋಸಹೋಗುವುದು ಖಚಿತ. ಎಲೆಕ್ಟ್ರಿಕ್ ಕಾರು ಎಂದು ಹಸಿರು ನಂಬರ್ ಪ್ಲೇಟು ಹೇಳುತ್ತದೆ. ಯಾವ ಚಕ್ರಕ್ಕೆ ಮೋಟಾರು ಎಂದು ಹೇಳುವುದಿಲ್ಲ. ಹೈಬ್ರಿಡ್ ಕಾರುಗಳಿಗಂತೂ ಆ ಹಸಿರೂ ಇಲ್ಲ.

ಮೋಟಾರು ಇರುವ ಚಕ್ರ ನೆಲದ ಮೇಲೆ ಉರುಳಿದರೆ ಏನು ತೊಂದರೆ? ‘ನ್ಯೂಟ್ರಲ್ಲಿಗೆ ಹಾಕಿದ್ದೀನಿ, ಎಳೀರಿ’ ಎನ್ನುವುದು ಎಲ್ಲ ಕಡೆ ಕೇಳುವ ಮಾತು. ಪೆಟ್ರೋಲ್ ಕಾರಿನ ನ್ಯೂಟ್ರಲ್ಲಿನಲ್ಲಿ ಗೇರು ನಿಜವಾಗಿಯೂ ಬಿಡಿಸಿಕೊಳ್ಳುತ್ತದೆ. ಹೆಚ್ಚಿನ ಎಲೆಕ್ಟ್ರಿಕ್ ಕಾರುಗಳಲ್ಲಿ ಇರುವುದು ಒಂದೇ ಗೇರು, ಅದು ಚಕ್ರಕ್ಕೂ ಮೋಟಾರಿಗೂ ಸದಾ ಕಚ್ಚಿಕೊಂಡೇ ಇರುತ್ತದೆ. ‘ಎನ್’ ಒತ್ತಿದರೆ ಮೋಟಾರಿಗೆ ಕರೆಂಟು ಕಳಿಸಬೇಡ ಎಂಬ ಆದೇಶ ಇನ್ವರ್ಟರಿಗೆ ಹೋಗುತ್ತದೆ, ಅಷ್ಟೇ. ಚಕ್ರ ತಿರುಗಿದರೆ ಮೋಟಾರೂ ತಿರುಗುತ್ತದೆ.

ಇಂದಿನ ಬಹುಪಾಲು ಕಾರುಗಳ ಮೋಟಾರಿನ ತಿರುಗುವ ಭಾಗದಲ್ಲಿ ಬಲವಾದ ಕಾಯಂ ಅಯಸ್ಕಾಂತಗಳಿವೆ. ಅಯಸ್ಕಾಂತ ತಂತಿಸುರುಳಿಯ ನಡುವೆ ತಿರುಗಿದರೆ ವಿದ್ಯುತ್ತು ಹುಟ್ಟುತ್ತದೆ. ಫ್ಯಾರಡೆ 1831ರಲ್ಲಿ ತೋರಿಸಿಕೊಟ್ಟದ್ದು ಇದನ್ನೇ, ಹಳೆಯ ಸೈಕಲ್ಲಿನ ಡೈನಮೊ ದೀಪ ಉರಿಸುತ್ತಿದ್ದದ್ದೂ ಹೀಗೇ. ವೇಗ ಹೆಚ್ಚಿದಷ್ಟೂ ವೋಲ್ಟೇಜು ಹೆಚ್ಚು. ಸಣ್ಣದೊಂದು ಲೆಕ್ಕ ಹಾಕಿ ನೋಡಿ. ಟೈರಿನ ಸುತ್ತಳತೆ ಎರಡು ಮೀಟರಿಗೆ ತುಸು ಹೆಚ್ಚು. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಎಳೆದರೆ ಚಕ್ರ ನಿಮಿಷಕ್ಕೆ ಸುಮಾರು 320 ಸುತ್ತು ಹಾಕುತ್ತದೆ. ಚಕ್ರ ಒಂದು ಸುತ್ತು ಬಂದರೆ ಮೋಟಾರು ಹತ್ತಿರಹತ್ತಿರ ಹತ್ತು ಸುತ್ತು. ಅಂದರೆ ಊರೊಳಗಿನ ಮಂದಗತಿಯಲ್ಲೇ ಮೋಟಾರು ನಿಮಿಷಕ್ಕೆ ಮೂರು ಸಾವಿರ ಸುತ್ತು ದಾಟಿತು. ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ 80ಕ್ಕೆ ಎಳೆದರೆ ಆರು ಸಾವಿರ.

ಹುಟ್ಟಿದ ಕರೆಂಟು ಎಲ್ಲಿಗೆ ಹೋಗಬೇಕು? ಕಾರು ಓಡುವಾಗಲಾದರೆ ಬ್ಯಾಟರಿಗೆ ಹೋಗುತ್ತದೆ, ಬ್ರೇಕ್ ಒತ್ತಿದಾಗ ಚಾರ್ಜು ತುಸು ಏರುವುದು ಅದರಿಂದಲೇ. ಕೆಟ್ಟು ನಿಂತ ಕಾರಿನಲ್ಲಿ ಬ್ಯಾಟರಿಗೆ ಸೇರಿಸುವ ಕಾಂಟ್ಯಾಕ್ಟರುಗಳು ತೆರೆದುಕೊಂಡಿರುತ್ತವೆ, ದಾರಿ ಮುಚ್ಚಿರುತ್ತದೆ. ಆಗ ಒತ್ತಡವೆಲ್ಲ ಇನ್ವರ್ಟರಿನ ಮೇಲೆ, ಅದರೊಳಗಿನ ಕೆಪ್ಯಾಸಿಟರುಗಳ ಮೇಲೆ. ಕೆಲವು ವಿನ್ಯಾಸಗಳಲ್ಲಿ ರಕ್ಷಣೆಗೆಂದು ಮೋಟಾರಿನ ಮೂರೂ ತಂತಿಗಳನ್ನು ಒಟ್ಟಿಗೆ ಶಾರ್ಟ್ ಮಾಡುವ ವ್ಯವಸ್ಥೆ ಇರುತ್ತದೆ. ವೋಲ್ಟೇಜು ಹಿಡಿತಕ್ಕೆ ಬರುತ್ತದೆ, ಆದರೆ ಕರೆಂಟು ಸುರುಳಿಯಲ್ಲೇ ಸುತ್ತುತ್ತ ಅದನ್ನು ಕಾಯಿಸುತ್ತದೆ. ಕೂಲಂಟ್ ಪಂಪು ನಿಂತಿರುವುದರಿಂದ ಆ ಬಿಸಿಯನ್ನು ಹೊರಗೆ ಸಾಗಿಸುವವರಿಲ್ಲ.

ಇದು ಪುಸ್ತಕದ ಭಯ ಎನ್ನುವವರು ಟೆಸ್ಲಾದ ಮಾಲೀಕರ ಕೈಪಿಡಿ ತೆಗೆದು ನೋಡಬೇಕು. ನಾಲ್ಕೂ ಟೈರು ನೆಲದಿಂದ ಮೇಲಿರಲಿ, ಸಾಗಣೆಯ ಯಾವ ಹಂತದಲ್ಲೂ ಅವು ತಿರುಗದಿರಲಿ ಎಂದು ಅದು ಅಪ್ಪಣೆ ಮಾಡುತ್ತದೆ. ತಿರುಗಿದರೆ ದೊಡ್ಡ ಹಾನಿ, ವಿರಳವಾಗಿ ಸುತ್ತಲಿನ ಭಾಗಗಳು ಹೊತ್ತಿಕೊಳ್ಳಲೂಬಹುದು ಎಂದೂ ಸೇರಿಸುತ್ತದೆ. ತನ್ನ ಸರಕಿನ ಬಗ್ಗೆ ಮಾರುವವನೇ ಬೆಂಕಿಯ ಮಾತೆತ್ತಿದ್ದಾನೆಂದರೆ ವಕೀಲರ ಎಚ್ಚರಿಕೆ ಎಂದು ತಳ್ಳಿಹಾಕುವುದು ಕಷ್ಟ. ನಿಜ, ಮುಂದಿನ ಚಕ್ರಕ್ಕೆ ಮಾತ್ರ ಮೋಟಾರಿರುವ ಕೆಲವು ಇವಿಗಳನ್ನು ಮುಂದೆ ಎತ್ತಿ ಎಳೆಯಲು ಅವುಗಳ ಕೈಪಿಡಿ ಒಪ್ಪುತ್ತದೆ. ಆದರೆ ರಾತ್ರಿ ಹನ್ನೊಂದಕ್ಕೆ ಹೆದ್ದಾರಿ ಬದಿಯಲ್ಲಿ ಕೈಪಿಡಿ ಓದುವವರು ಯಾರು?

ಪೆಟ್ರೋಲ್, ಡೀಸೆಲ್ಲಿನ ಆಲ್-ವೀಲ್-ಡ್ರೈವ್ ಕಾರುಗಳದು ಬೇರೆ ಕಥೆ, ಫಲ ಮಾತ್ರ ಅಂಥದ್ದೇ. ಗ್ರ್ಯಾಂಡ್ ವಿಟಾರಾದ ಆಲ್‌ಗ್ರಿಪ್, ಕೋಡಿಯಾಕ್, ಕಂಪಾಸಿನ 4×4 ಮಾದರಿಗಳು ಕೊಡಗು, ಚಿಕ್ಕಮಗಳೂರಿನ ತೋಟದವರಿಗೆ ಹೊಸತಲ್ಲ. ಮುಂದಿನ ಚಕ್ರ ಎತ್ತಿ ಎಳೆದರೆ ಹಿಂದಿನ ಚಕ್ರಗಳು ಉದ್ದನೆಯ ಶಾಫ್ಟನ್ನು ತಿರುಗಿಸುತ್ತವೆ, ಮುಂದಿನ ಕಡೆ ಎಲ್ಲವೂ ನಿಂತಿರುತ್ತದೆ. ಈ ವ್ಯತ್ಯಾಸವನ್ನು ನಡುವಿನ ಕಪ್ಲಿಂಗು ಒಂಟಿಯಾಗಿ ನುಂಗಬೇಕು. ತಿರುವಿನಲ್ಲಿ, ಕೆಸರಿನಲ್ಲಿ ಕ್ಷಣಕಾಲ ಜಾರಲೆಂದು ಮಾಡಿದ ಪ್ಲೇಟುಗಳು ಗುಂಡ್ಯದಿಂದ ಮಂಗಳೂರಿನವರೆಗೂ ಜಾರುತ್ತಲೇ ಇದ್ದರೆ ಸುಡುತ್ತವೆ. ಕೆಟ್ಟದ್ದು ಬ್ಯಾಟರಿಯೋ ಪಂಪೋ ಇದ್ದೀತು, ವರ್ಕ್‌ಶಾಪ್ ತಲುಪುವಾಗ ಕಪ್ಲಿಂಗೂ ಸೇರಿಕೊಂಡಿರುತ್ತದೆ. ಟ್ರಾನ್ಸ್‌ಫರ್ ಕೇಸಿಗೇ ನ್ಯೂಟ್ರಲ್ ಇರುವ ಹಳೆಯ ಜೀಪುಗಳು ಈ ಕಾಟದಿಂದ ಪಾರು.

ಹಾಗಾದರೆ ಯಾವ ಗಾಡಿ, ಯಾವ ಸಲಕರಣೆ? ಮೊದಲ ಉತ್ತರ ಫ್ಲಾಟ್‌ಬೆಡ್. ಕಾರನ್ನು ವಿಂಚಿನಿಂದ ಮೆಲ್ಲಗೆ ಮೇಲಕ್ಕೆಳೆದು, ನಾಲ್ಕೂ ಚಕ್ರ ಕಟ್ಟಿ ಕೂರಿಸುವ ಗಾಡಿ. ಆದರೆ ‘ಫ್ಲಾಟ್‌ಬೆಡ್ ಇದೆ’ ಎಂಬಲ್ಲಿಗೆ ಮಾತು ಮುಗಿಯುವುದಿಲ್ಲ. ಎಲೆಕ್ಟ್ರಿಕ್ ಕಾರಿನಲ್ಲಿ ದೊಡ್ಡ ಬ್ಯಾಟರಿ ತುಂಬಿದ್ದರೂ 12 ವೋಲ್ಟಿನ ಪುಟ್ಟ ಬ್ಯಾಟರಿ ಸತ್ತರೆ ಕಾರು ಕಲ್ಲಾಗುತ್ತದೆ: ಬಟನ್ನಿನ ಪಾರ್ಕಿಂಗ್ ಬ್ರೇಕು ಬಿಡುವುದಿಲ್ಲ, ಪಾರ್ಕ್ ಲಾಕು ತೆರೆಯುವುದಿಲ್ಲ. ಆಗ ವಿಂಚು ಹಾಕಿ ದರದರ ಎಳೆದರೆ ಟೈರು ಸವೆಯುತ್ತದೆ, ಗೇರಿನ ಹಲ್ಲಿಗೆ ಪೆಟ್ಟು. ಮೊದಲು ಜಂಪ್ ಸ್ಟಾರ್ಟರ್ ಬೇಕು. ಅದೂ ಕೈಕೊಟ್ಟರೆ ಚಕ್ರದಡಿಗೆ ತಳ್ಳುವ ಡಾಲಿ ಅಥವಾ ಜಾರುಹಲಗೆ. ಹುಕ್ಕು, ಸರಪಳಿಯನ್ನು ಸಿಕ್ಕ ಕಡೆ ಸಿಕ್ಕಿಸುವ ಚಾಳಿಯೂ ಹೋಗಬೇಕು, ಟೈರಿನ ಮೇಲೆ ಬಿಗಿಯುವ ಬೆಲ್ಟೇ ಸರಿ. ಭಾರವನ್ನೂ ನೋಡಬೇಕು: ಅದೇ ಗಾತ್ರದ ಪೆಟ್ರೋಲ್ ಕಾರಿಗಿಂತ ಇವಿ ಕೆಲವು ನೂರು ಕಿಲೋ ಹೆಚ್ಚು ತೂಗುತ್ತದೆ, ದೊಡ್ಡವು ಎರಡು ಟನ್ನಿನ ಆಚೀಚೆ. ಹ್ಯಾಚ್‌ಬ್ಯಾಕ್ ಎತ್ತಲು ಕೊಂಡ ತೋಳು ಅದನ್ನು ಎತ್ತೀತು, ಆದರೆ ಟೋಯಿಂಗ್ ಗಾಡಿಯ ಮೂತಿ ಹಗುರಾಗಿ ಸ್ಟಿಯರಿಂಗ್ ಹಿಡಿತ ತಪ್ಪುತ್ತದೆ.

ಅಪಘಾತವಾದ ಕಾರನ್ನು ಜೆಸಿಬಿ ಬಕೆಟ್ಟಿನಲ್ಲಿ ಎತ್ತಿ ಪಕ್ಕಕ್ಕಿಡುವುದು ನಮ್ಮಲ್ಲಿ ಮಾಮೂಲು. ಎಲೆಕ್ಟ್ರಿಕ್ ಕಾರಿನ ಬ್ಯಾಟರಿ ಇರುವುದು ಆ ಬಕೆಟ್ಟು ತಾಗುವ ಜಾಗದಲ್ಲೇ, ಚಕ್ರಗಳ ನಡುವಿನ ಹೊಟ್ಟೆಯಡಿ. ಪೆಟ್ಟಾದ ಸೆಲ್ಲು ಕೂಡಲೇ ಉರಿಯಬೇಕೆಂದಿಲ್ಲ. ಒಳಗೆ ಶಾರ್ಟಾಗಿ, ನಿಧಾನಕ್ಕೆ ಕಾದು, ಗಂಟೆಗಳ ಅಥವಾ ದಿನಗಳ ಮೇಲೆ ಸಿಡಿಯಬಹುದು. ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯ 2020ರ ವರದಿ ಇದರ ಮೇಲೆಯೇ ಬರೆದದ್ದು. 2018ರ ಮಾರ್ಚಿನಲ್ಲಿ ಕ್ಯಾಲಿಫೋರ್ನಿಯಾದ ಮೌಂಟನ್ ವ್ಯೂನಲ್ಲಿ ಅಪಘಾತಕ್ಕೀಡಾದ ಕಾರಿನ ಬ್ಯಾಟರಿ ಐದು ದಿನಗಳ ಮೇಲೆ ಯಾರ್ಡಿನಲ್ಲಿ ಮತ್ತೆ ಹೊತ್ತಿತು. ಅದೇ ವರ್ಷ ಮೇ ತಿಂಗಳಲ್ಲಿ ಫ್ಲಾರಿಡಾದ ಫೋರ್ಟ್ ಲಾಡರ್‌ಡೇಲಿನಲ್ಲಿ ಇನ್ನೊಂದು ಕಾರಿನ ಆರಿಸಿದ ಬೆಂಕಿ ಎರಡು ಸಲ ಮರುಕಳಿಸಿತು: ಒಮ್ಮೆ ಗಾಡಿಗೆ ಏರಿಸುವಾಗ, ಇನ್ನೊಮ್ಮೆ ಯಾರ್ಡು ಮುಟ್ಟಿದ ಮೇಲೆ. ಪೆಟ್ರೋಲ್ ಕಾರಿಗಿಂತ ಇವಿ ಹೆಚ್ಚು ಉರಿಯುತ್ತದೆ ಎಂಬುದು ನನ್ನ ವಾದವಲ್ಲ. ಆರಿತೆಂದುಕೊಂಡದ್ದು ಆರಿರುವುದಿಲ್ಲ ಎಂಬುದಷ್ಟೇ. ಆ ಹೊತ್ತಿನಲ್ಲಿ ಪಕ್ಕದಲ್ಲಿರುವವನು ಫೈರ್‌ಮನ್ ಅಲ್ಲ, ಟೋಯಿಂಗ್ ಹುಡುಗ.

ಹೀಗೆ ಜಖಂಗೊಂಡ ಕಾರನ್ನು ಇತರ ವಾಹನ, ಕಟ್ಟಡಗಳಿಂದ 50 ಅಡಿ ದೂರ ನಿಲ್ಲಿಸಬೇಕೆಂದು ಅಮೆರಿಕದ ಮಾರ್ಗಸೂಚಿ ಹೇಳುತ್ತದೆ. ಸುತ್ತಲೂ 50 ಅಡಿ ಎಂದರೆ 7,800 ಚದರ ಅಡಿಯ ವೃತ್ತ, ಒಂದು ಕಾರಿಗೆ ಆರು ‘ಥರ್ಟಿ-ಫಾರ್ಟಿ’ ಸೈಟು! ನಮ್ಮ ಪೊಲೀಸ್ ಠಾಣೆಗಳ ಅಂಗಳ ನೆನೆಯಿರಿ: ಜಪ್ತಿಯಾದ ಬೈಕು, ಆಟೊ, ಕಾರುಗಳು ಹ್ಯಾಂಡಲ್ಲಿಗೆ ಹ್ಯಾಂಡಲ್ ತಾಗಿಸಿ ನಿಂತಿರುತ್ತವೆ, ಟ್ಯಾಂಕುಗಳಲ್ಲಿ ಪೆಟ್ರೋಲ್ ಹಾಗೇ. ಅಷ್ಟು ಜಾಗ ಬೆಂಗಳೂರಿನಲ್ಲಿ ಸಿಗದು, ಒಪ್ಪೋಣ. ಕಾಂಕ್ರೀಟ್ ಅಥವಾ ಮಣ್ಣಿನ ತಡೆಗೋಡೆ ಕಟ್ಟಿದ ಒಂದೆರಡು ಅಂಕಣಗಳಾದರೂ ಊರಾಚೆಯ ಯಾರ್ಡುಗಳಲ್ಲಿ ಸಾಧ್ಯ.

ಎಲೆಕ್ಟ್ರಿಕ್ ವಾಹನಕ್ಕೆಂದು ದೇಶದಲ್ಲಿ ಮೊದಲು ನೀತಿ ತಂದ ರಾಜ್ಯ ನಮ್ಮದು, 2017ರಲ್ಲಿ. ಕೊಳ್ಳುವುದರ, ಚಾರ್ಜು ಮಾಡುವುದರ ಬಗ್ಗೆ ಅಂದಿನಿಂದ ಆಡಿದ ಮಾತಿಗೆ ಲೆಕ್ಕವಿಲ್ಲ, ಕೆಟ್ಟಾಗ ಎತ್ತುವುದರ ಬಗ್ಗೆ ಮಾತೇ ಕಡಿಮೆ. ಬೆಂಗಳೂರಿನಲ್ಲಿ ಜನರ ಸಿಟ್ಟಿಗೆ ಮಣಿದು 2022ರ ಆರಂಭದಲ್ಲಿ ನಿಲ್ಲಿಸಿದ ಟೋಯಿಂಗನ್ನು ಮತ್ತೆ ತರುವ ಮಾತು 2025ರಲ್ಲಿ ಸರ್ಕಾರದ ಬಾಯಲ್ಲೇ ಬಂತು. ನೋ ಪಾರ್ಕಿಂಗ್‌ನಲ್ಲಿ ನಿಂತ ಬಿಇ 6 ಅನ್ನು ಹಳೆಯ ತೋಳಿನ ಗಾಡಿ ಮೂತಿ ಹಿಡಿದು ಎತ್ತಿದರೆ ಹಿಂದಿನ ಮೋಟಾರು ಠಾಣೆಯವರೆಗೂ ತಿರುಗಬೇಕು, ಇಲ್ಲವೇ ಬಿಗಿದ ಬ್ರೇಕಿನೊಡನೆ ಟೈರು ತೇಯಬೇಕು. ಇನ್ವರ್ಟರ್ ವಾರದ ಮೇಲೆ ಕೈಕೊಟ್ಟರೆ ಅದು ಟೋಯಿಂಗಿನಿಂದಲೇ ಎಂದು ಮಾಲೀಕ ಸಾಬೀತು ಮಾಡುವುದು ಹೇಗೆ?

ಟೆಂಡರಿನಲ್ಲಿ ಫ್ಲಾಟ್‌ಬೆಡ್, ಡಾಲಿ ಎಂದು ಬರೆಸುವುದು ಸುಲಭದ ಭಾಗ. ತೋಳಿನ ಗಾಡಿ ಕ್ಷಣಗಳಲ್ಲಿ ಮುಗಿಸುವ ಕೆಲಸಕ್ಕೆ ಡಾಲಿ ಕೂರಿಸಿ ಬೆಲ್ಟು ಬಿಗಿಯಲು ಅದರ ಹಲವು ಪಟ್ಟು ಹೊತ್ತು ಬೇಕು. ಎತ್ತಿದ ವಾಹನದ ಲೆಕ್ಕಕ್ಕೆ ದುಡ್ಡು ಕೊಟ್ಟರೆ ಗುತ್ತಿಗೆದಾರ ಆ ಹೊತ್ತನ್ನು ಉಳಿಸಿಯೇ ಉಳಿಸುತ್ತಾನೆ, ಡಾಲಿ ಗಾಡಿಯ ಮೂಲೆಯಲ್ಲಿ ತುಕ್ಕು ಹಿಡಿಯುತ್ತದೆ. ಹಾಗಾಗಿ ದರಪಟ್ಟಿಯಲ್ಲಿ ಡಾಲಿ ಹಾಕಿದ್ದಕ್ಕೆ ಬೇರೆಯೇ ದರ ನಮೂದಾಗಬೇಕು, ಎತ್ತುವ ಮೊದಲು ನಾಲ್ಕೂ ಚಕ್ರದ ಫೋಟೊ ತೆಗೆಯದಿದ್ದರೆ ಬಿಲ್ಲು ಪಾಸಾಗಕೂಡದು.