ಕಾಪರ್ ನದಿ: ದಾರಿ, ಮೀನು ಮತ್ತು ನ್ಯಾಯ

ನದಿ ಎಲ್ಲರ ಸೊತ್ತು ಎಂಬ ಮಾತು ಕೇಳುವುದಕ್ಕೆ ಸರಳವಾದುದು. ಆದರೆ ಅದರ ದಡವನ್ನು ತಲುಪುವ ದಾರಿ ಯಾರದು, ಅದರಲ್ಲಿನ ಮೀನು ಎಲ್ಲರಿಗೂ ಸಾಲದೆ ಹೋದಾಗ ಮೊದಲ ಪಾಲು ಯಾರಿಗೆ ಸಲ್ಲಬೇಕು ಎಂಬ ಪ್ರಶ್ನೆಗಳು ಎದ್ದೊಡನೆ ಆ ಸರಳತೆ ಮಾಯವಾಗುತ್ತದೆ. ಅಲಾಸ್ಕದ ದುರ್ಗಮ ಕಾಡಿನ ನಡುವೆ ಹರಿಯುವ ಕಾಪರ್ ನದಿಯಲ್ಲಿ ಈ ಪ್ರಶ್ನೆಗಳು ಹಲವು ದಶಕಗಳ ಕಾಲ ನ್ಯಾಯಾಲಯದ ಮೆಟ್ಟಿಲೇರಿದವು. ಅವುಗಳನ್ನು ಅಲ್ಲಿಗೆ ಕೊಂಡೊಯ್ದವರಲ್ಲಿ ಅಗ್ರಗಣ್ಯರು ಆ ನದಿಯ ದಡದಲ್ಲಿಯೇ ಬೆಳೆದ ಒಬ್ಬ ವೃದ್ಧ ಮಹಿಳೆ.

ನದಿಯ ಸ್ವರೂಪ

ಅಲಾಸ್ಕವು ಉತ್ತರ ಅಮೆರಿಕ ಖಂಡದ ವಾಯವ್ಯ ಅಂಚಿನಲ್ಲಿದೆ. ವಿಸ್ತೀರ್ಣದಲ್ಲಿ ಅದು ಅಮೆರಿಕ ಸಂಯುಕ್ತ ಸಂಸ್ಥಾನಗಳ ಅತಿ ದೊಡ್ಡ ರಾಜ್ಯ. ಅಲ್ಲಿನ ರಾಂಗೆಲ್ ಪರ್ವತದ ಹಿಮನದಿಯಲ್ಲಿ ಹುಟ್ಟುವ ಕಾಪರ್ ನದಿಯು ಮೊದಲು ಉತ್ತರಾಭಿಮುಖವಾಗಿ ಹರಿದು, ಪರ್ವತವನ್ನು ಬಳಸಿಕೊಂಡು ದಕ್ಷಿಣಕ್ಕೆ ತಿರುಗಿ, ಸುಮಾರು 460 ಕಿ.ಮೀ. ದೂರ ಕ್ರಮಿಸಿ ಕಾರ್ಡೋವಾ ಪಟ್ಟಣದ ಸಮೀಪದಲ್ಲಿ ಸಮುದ್ರವನ್ನು ಸೇರುತ್ತದೆ. ಅದರ ಪೂರ್ವಕ್ಕೆ, 1980ರಲ್ಲಿ ಸ್ಥಾಪಿತವಾದ ರಾಂಗೆಲ್-ಸೇಂಟ್ ಎಲಯಾಸ್ ರಾಷ್ಟ್ರೀಯ ಉದ್ಯಾನವು 53,000 ಚದರ ಕಿ.ಮೀ.ಗೂ ಹೆಚ್ಚಿನ ಪ್ರದೇಶವನ್ನು ವ್ಯಾಪಿಸಿದೆ. ಇದು ಆ ದೇಶದ ರಾಷ್ಟ್ರೀಯ ಉದ್ಯಾನಗಳಲ್ಲೆಲ್ಲ ದೊಡ್ಡದು. ಇಷ್ಟು ವಿಶಾಲವಾದ ಪ್ರದೇಶದೊಳಕ್ಕೆ ಹೋಗಲು ಇರುವುದು ಜಲ್ಲಿ ಹಾಸಿದ ಎರಡು ರಸ್ತೆಗಳು ಮಾತ್ರ.

ಈ ನದಿಗೆ ಖ್ಯಾತಿ ತಂದದ್ದು ಸಾಲ್ಮನ್ ಮೀನು. ಚಿನೂಕ್, ಸಾಕೈ, ಕೋಹೊ ಎಂಬ ಮೂರು ಜಾತಿಯ ಸಾಲ್ಮನ್‌ಗಳು ಇಲ್ಲಿವೆ. ಸಿಹಿನೀರಿನ ತೊರೆಯಲ್ಲಿ ಹುಟ್ಟುವ ಈ ಮೀನು ಸಮುದ್ರಕ್ಕೆ ಇಳಿದು, ಅಲ್ಲಿ ಕೆಲವು ವರ್ಷ ಬೆಳೆದು, ಮೊಟ್ಟೆಯಿಡುವ ಕಾಲಕ್ಕೆ ತಾನು ಹುಟ್ಟಿದ ತೊರೆಗೇ ಮರಳುತ್ತದೆ. ತವರಿನ ತೊರೆಯನ್ನು ಅದು ಗುರುತಿಸುವುದು ಮುಖ್ಯವಾಗಿ ನೀರಿನ ವಾಸನೆಯಿಂದ. ನದಿಯನ್ನು ಪ್ರವೇಶಿಸಿದ ಬಳಿಕ ಅದು ಆಹಾರವನ್ನು ತ್ಯಜಿಸುತ್ತದೆ. ಮೈಯಲ್ಲಿ ಕೂಡಿಟ್ಟುಕೊಂಡ ಕೊಬ್ಬಿನ ಬಲದಿಂದಲೇ ಪ್ರವಾಹದ ವಿರುದ್ಧ ಈಜಿ, ಮೊಟ್ಟೆಯಿಟ್ಟು, ಅಲ್ಲಿಯೇ ಸಾಯುತ್ತದೆ. ಕಾಪರ್ ನದಿಯ ಹರಿವು ರಭಸವಾದುದು, ಏರು ಕಡಿದಾದುದು. ಆದಕಾರಣ ಇಲ್ಲಿನ ಸಾಲ್ಮನ್ ಹೆಚ್ಚು ಕೊಬ್ಬುಳ್ಳದ್ದಾಗಿದ್ದು ಮಾರುಕಟ್ಟೆಯಲ್ಲಿ ಹೆಚ್ಚಿನ ಬೆಲೆಯನ್ನು ಪಡೆಯುತ್ತದೆ.

ಹಿಮನದಿಗಳು ಅರೆದ ಬಂಡೆಯ ನುಣುಪು ಹುಡಿ ಬೆರೆತಿರುವುದರಿಂದ ನದಿಯ ನೀರು ಬೂದುಬಣ್ಣದ್ದು. ಮೀನಿಗೆ ಬಲೆ ಕಾಣದು. ಮನುಷ್ಯನಿಗೆ ಮೀನು ಕಾಣದು. ಆದುದರಿಂದ ಉದ್ದವಾದ ಹಿಡಿಯುಳ್ಳ ಕೈಬಲೆಯನ್ನು ನೀರಿನಲ್ಲಿ ಹಿಡಿದು ಕಾಯುವುದು ಇಲ್ಲಿಯ ಪ್ರಾಚೀನ ಪದ್ಧತಿ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮೀನು ಹಿಡಿಯುವ ರಾಟೆಯು ಬಳಕೆಗೆ ಬಂದಿತು. ದಡದಲ್ಲಿ ಕಟ್ಟಿದ ತೆಪ್ಪದ ಮೇಲೆ ಅಚ್ಚೊಂದಕ್ಕೆ ದೊಡ್ಡ ಬುಟ್ಟಿಗಳನ್ನು ಜೋಡಿಸುತ್ತಾರೆ. ಪ್ರವಾಹದ ಒತ್ತಡಕ್ಕೆ ರಾಟೆ ತಾನಾಗಿ ತಿರುಗುತ್ತದೆ. ಬುಟ್ಟಿಗೆ ಸಿಕ್ಕ ಮೀನು ಮೇಲಕ್ಕೆದ್ದು, ಜಾರಿ, ಪಕ್ಕದ ಪೆಟ್ಟಿಗೆಗೆ ಬೀಳುತ್ತದೆ. ಹೀಗೆ ಹಿಡಿದ ಮೀನನ್ನು ಸೀಳಿ, ಒಣಗಿಸಿ, ಹೊಗೆಯಲ್ಲಿಟ್ಟು ದೀರ್ಘವಾದ ಚಳಿಗಾಲಕ್ಕೆ ಕಾಯ್ದಿಡುವುದು ಅಲ್ಲಿನ ಮೂಲನಿವಾಸಿಗಳಾದ ಆಟ್ನಾ ಜನರ ಜೀವನಕ್ರಮ.

ದಾರಿಯ ಪ್ರಶ್ನೆ

ಈ ಕಣಿವೆಗೆ ಹೊರಗಿನವರ ದೊಡ್ಡ ದಾರಿ ತೆರೆದುದು ತಾಮ್ರದ ಅದಿರಿಗಾಗಿ. 1911ರಲ್ಲಿ ಕಾರ್ಡೋವಾದಿಂದ ಕೆನಿಕಾಟ್ ಗಣಿಯವರೆಗೆ ರೈಲುಮಾರ್ಗ ಪೂರ್ಣಗೊಂಡಿತು. ಅದಿರು ಬರಿದಾಗಲು 1938ರಲ್ಲಿ ಅದು ನಿಂತುಹೋಯಿತು. ಆ ಹಳೆಯ ಮಾರ್ಗದ ಒಂದು ಭಾಗವೇ ಇಂದು ಉದ್ಯಾನದೊಳಕ್ಕೆ ಹೋಗುವ ಎರಡು ರಸ್ತೆಗಳಲ್ಲಿ ಒಂದಾಗಿದೆ. ಆ ರಸ್ತೆ ಆರಂಭವಾಗುವ ಚಿಟಿನಾ ಎಂಬಲ್ಲಿಗೆ ಪ್ರತಿ ಬೇಸಗೆಯಲ್ಲೂ ಆಂಕರೇಜ್, ಫೇರ್‌ಬ್ಯಾಂಕ್ಸ್ ಮುಂತಾದ ನಗರಗಳಿಂದ ಸಾವಿರಾರು ಮಂದಿ ಕೈಬಲೆ ಹಿಡಿದು ಬರುತ್ತಾರೆ. ಈ ಅನುಮತಿ ಅಲಾಸ್ಕದ ನಿವಾಸಿಗಳಿಗೆ ಮಾತ್ರ.

ಹಾಗೆ ಬಂದವರು ತಿಳಿಯಬೇಕಾದ ಮೊದಲ ಸಂಗತಿಯೆಂದರೆ, ನದಿಗೆ ಒಬ್ಬನೇ ಒಡೆಯನಿಲ್ಲ ಎಂಬುದು. ದೋಣಿ ಸಂಚಾರಕ್ಕೆ ಯೋಗ್ಯವಾದ ನದಿಯ ಪಾತ್ರವು ಸಾಮಾನ್ಯವಾಗಿ ರಾಜ್ಯಕ್ಕೆ ಸೇರಿದ್ದು. ಆದರೆ ದಡದ ಭೂಮಿಯ ಬಹುಭಾಗವು, ಮೂಲನಿವಾಸಿಗಳ ಭೂಹಕ್ಕನ್ನು ಇತ್ಯರ್ಥಗೊಳಿಸಿದ 1971ರ ಶಾಸನದ ಮೂಲಕ, ಆಟ್ನಾ ಮತ್ತು ಚಿಟಿನಾ ಜನರ ಸಂಸ್ಥೆಗಳಿಗೆ ಸಂದಿದೆ. ನೀರಿನಲ್ಲಿ ನಿಲ್ಲಲು ಹಕ್ಕುಳ್ಳವನಿಗೆ ನೀರಿನವರೆಗೆ ನಡೆದುಹೋಗಲು ಹಕ್ಕು ಇರಲೇಬೇಕೆಂಬ ನಿಯಮವಿಲ್ಲ. ದಾರಿ ಇದ್ದೂ ಹಕ್ಕಿಲ್ಲದಿರುವುದು ಇದಕ್ಕಿಂತಲೂ ಕಠಿಣವಾದ ಸ್ಥಿತಿ. ಅದು ಒದಗಿದ್ದು ನದಿಯ ಮೇಲ್ಭಾಗದ ಬಾಟ್ಜುಲ್ನೆಟಾಸ್ ಎಂಬ ಸ್ಥಳದ ಕುಟುಂಬಗಳಿಗೆ.

ಬಾಟ್ಜುಲ್ನೆಟಾಸ್

ತನಾಡಾ ಎಂಬ ತೊರೆಯು ಕಾಪರ್ ನದಿಯನ್ನು ಕೂಡುವ ಸ್ಥಳದಲ್ಲಿ ಆಟ್ನಾ ಜನರ ಈ ಹಳೆಯ ಗ್ರಾಮವಿತ್ತು. 1885ರಲ್ಲಿ ಅಮೆರಿಕದ ಸೈನ್ಯಾಧಿಕಾರಿ ಹೆನ್ರಿ ಆಲೆನ್ ಈ ಪ್ರದೇಶವನ್ನು ಶೋಧಿಸುತ್ತ ಸಾಗಿದಾಗ ಇಲ್ಲಿ ತಂಗಿದ್ದನು. 1940ರ ದಶಕದಲ್ಲಿ ಮಕ್ಕಳ ಶಾಲೆಯ ನಿಮಿತ್ತ ಇಲ್ಲಿನ ಕುಟುಂಬಗಳು ಮೆಂಟಾಸ್ಟಾ ಗ್ರಾಮಕ್ಕೆ ನೆಲೆ ಬದಲಿಸಿದವು. ವಿದ್ಯೆಗಾಗಿ ಊರು ಬಿಟ್ಟರೂ ಮೀನಿನ ಕಾಲಕ್ಕೆ ಅವರು ಹಳೆಯ ಸ್ಥಳಕ್ಕೆ ಮರಳುವುದನ್ನು ಬಿಡಲಿಲ್ಲ.

1964ರಲ್ಲಿ ರಾಜ್ಯವು ಅಲ್ಲಿ ಮೀನು ಹಿಡಿಯುವುದನ್ನು ನಿಷೇಧಿಸಿತು. ಮೀನು ಮೊಟ್ಟೆಯಿಡುವ ನೆಲೆಗಳು ಮೇಲ್ಭಾಗದಲ್ಲಿರುವುದರಿಂದ ಅಲ್ಲಿ ರಕ್ಷಣೆ ಬೇಕೆಂಬುದು ಅರ್ಥವಿಲ್ಲದ ಮಾತಲ್ಲ. ಆದರೆ ಅದೇ ಮೀನನ್ನು ಕೆಳಭಾಗದಲ್ಲಿ ವ್ಯಾಪಾರಕ್ಕಾಗಿ, ವಿನೋದಕ್ಕಾಗಿ ಲಕ್ಷಗಟ್ಟಲೆ ಹಿಡಿಯಲು ಅವಕಾಶವಿತ್ತು. 1984ರಲ್ಲಿ ಕೇಟಿ ಜಾನ್ ಮತ್ತು ಡೋರಿಸ್ ಚಾರ್ಲ್ಸ್ ಎಂಬ ಇಬ್ಬರು ಹಿರಿಯ ಆಟ್ನಾ ಮಹಿಳೆಯರು ತಮ್ಮ ಸ್ಥಳವನ್ನು ಮತ್ತೆ ತೆರೆಯಬೇಕೆಂದು ರಾಜ್ಯದ ಮೀನುಗಾರಿಕಾ ಮಂಡಲಿಯನ್ನು ಕೇಳಿಕೊಂಡರು. ಮನವಿ ತಿರಸ್ಕೃತವಾಯಿತು. ಮರುವರ್ಷ ಅವರು ನ್ಯಾಯಾಲಯವನ್ನು ಆಶ್ರಯಿಸಿದರು.

ಎರಡು ನ್ಯಾಯಗಳ ಸಂಘರ್ಷ

ಅವರಿಗೆ ಆಧಾರವಾಗಿದ್ದುದು ಕೇಂದ್ರ ಸರ್ಕಾರದ 1980ರ ಶಾಸನ. ಸಾರ್ವಜನಿಕ ಭೂಮಿಯಲ್ಲಿ ಮೀನು ಮತ್ತು ಬೇಟೆ ಸಾಲದೆ ಬಂದಾಗ, ಅವನ್ನೇ ನೆಚ್ಚಿ ಬದುಕುವ ಗ್ರಾಮೀಣರಿಗೆ ಪ್ರಾಶಸ್ತ್ಯ ಸಲ್ಲಬೇಕೆಂದು ಅದು ವಿಧಿಸಿತ್ತು. ಇನ್ನೊಂದೆಡೆ ಅಲಾಸ್ಕದ ಸಂವಿಧಾನವು ಸಹಜಸ್ಥಿತಿಯಲ್ಲಿರುವ ಮೀನು ಸಮಸ್ತ ಜನರ ಸಮಾನ ಬಳಕೆಗೆ ಮೀಸಲೆಂದು ಸಾರುತ್ತದೆ. ವಾಸಸ್ಥಳವನ್ನು ನೋಡಿ ಪ್ರಾಶಸ್ತ್ಯ ನೀಡುವುದು ಈ ಸಮಾನತೆಗೆ ವಿರುದ್ಧವೆಂದು ರಾಜ್ಯದ ಸರ್ವೋಚ್ಚ ನ್ಯಾಯಾಲಯ 1989ರಲ್ಲಿ ತೀರ್ಮಾನಿಸಿತು. ಅಂಗಡಿ ಸಮೀಪದಲ್ಲಿರುವ ನಗರವಾಸಿಗೂ ಚಳಿಗಾಲದ ಆಹಾರಕ್ಕೆ ನದಿಯನ್ನೇ ನಂಬಿದವನಿಗೂ ಒಂದೇ ಅಳತೆ ಸಾಕೆ ಎಂಬುದೇ ವಿವಾದದ ತಿರುಳು. ಎರಡು ಪಕ್ಷಗಳೂ ನ್ಯಾಯದ ಹೆಸರಿನಲ್ಲಿಯೇ ವಾದಿಸಿದವು.

ಭೂಮಿ ಕೇಂದ್ರದ್ದಾದರೂ ಅದರ ಮೇಲೆ ಹರಿಯುವ ನದಿ ‘ಸಾರ್ವಜನಿಕ ಭೂಮಿ’ ಎನಿಸುವುದೇ ಎಂಬುದು ಮುಂದಿನ ತೊಡಕು. 1995ರಲ್ಲಿ ಒಂಬತ್ತನೆಯ ವಲಯದ ಮೇಲ್ಮನವಿ ನ್ಯಾಯಾಲಯವು, ಕೇಂದ್ರವು ನೀರಿನ ಹಕ್ಕನ್ನು ಕಾಯ್ದಿರಿಸಿಕೊಂಡಿರುವ ನದಿಗಳಿಗೆ ಈ ಪ್ರಾಶಸ್ತ್ಯ ಅನ್ವಯಿಸುವುದೆಂದು ತೀರ್ಪಿತ್ತಿತು. 2001ರಲ್ಲಿ ಹೆಚ್ಚಿನ ನ್ಯಾಯಾಧೀಶರ ಪೀಠವೂ ಅದನ್ನೇ ಉಳಿಸಿತು. ರಾಜ್ಯಕ್ಕೆ ಉಳಿದ ದಾರಿ ದೇಶದ ಸರ್ವೋಚ್ಚ ನ್ಯಾಯಾಲಯವೊಂದೇ. ಆ ವರ್ಷದ ಆಗಸ್ಟ್ ತಿಂಗಳಲ್ಲಿ ಗವರ್ನರ್ ಟೋನಿ ನೋಲ್ಸ್ ಸ್ವತಃ ಬಾಟ್ಜುಲ್ನೆಟಾಸ್‌ಗೆ ಹೋಗಿ ಕೇಟಿ ಜಾನ್ ಅವರನ್ನು ಕಂಡು ಮಾತನಾಡಿದರು. ಬಳಿಕ ಮೇಲ್ಮನವಿ ಸಲ್ಲಿಸದಿರಲು ನಿರ್ಧರಿಸಿದರು. ಕಡತಗಳಲ್ಲಿ ಹದಿನಾರು ವರ್ಷ ಬಗೆಹರಿಯದ ವಿಷಯದಲ್ಲಿ ನದಿಯ ದಡದ ಭೇಟಿಯೊಂದು ನಿರ್ಣಾಯಕವಾಯಿತು.

ಕೇಟಿ ಜಾನ್ 2013ರ ಮೇ 31ರಂದು, 97ನೆಯ ವಯಸ್ಸಿನಲ್ಲಿ ನಿಧನರಾದರು. ಆಟ್ನಾ ಭಾಷೆಗೆ ವರ್ಣಮಾಲೆಯನ್ನು ರೂಪಿಸುವ ಕಾರ್ಯದಲ್ಲಿಯೂ ಅವರು ನೆರವಾಗಿದ್ದರು. 2011ರಲ್ಲಿ ಅಲಾಸ್ಕ ವಿಶ್ವವಿದ್ಯಾನಿಲಯ ಅವರಿಗೆ ಗೌರವ ಡಾಕ್ಟರೇಟ್ ನೀಡಿತ್ತು. ರಾಜ್ಯವು ಅನಂತರ ಹೂಡಿದ ಆಕ್ಷೇಪವನ್ನು ಸರ್ವೋಚ್ಚ ನ್ಯಾಯಾಲಯವು 2014ರಲ್ಲಿ ವಿಚಾರಣೆಗೆ ಸ್ವೀಕರಿಸಲಿಲ್ಲ.

ಹಕ್ಕು ದೊರೆತ ಮಾತ್ರಕ್ಕೆ ಮೀನು ಹೆಚ್ಚುವುದಿಲ್ಲ. ಕಾಪರ್ ನದಿಯ ಚಿನೂಕ್ ಇತ್ತೀಚಿನ ವರ್ಷಗಳಲ್ಲಿ ಕ್ಷೀಣಿಸಿದೆ. ಮೈಲ್ಸ್ ಸರೋವರದ ಬಳಿ ಶಬ್ದತರಂಗಗಳ ಯಂತ್ರದಿಂದ, ಮೇಲೇರುವ ಸಾಲ್ಮನ್‌ಗಳನ್ನು ಎಣಿಸಿ, ಆ ಲೆಕ್ಕವನ್ನು ನೋಡಿಕೊಂಡು ಮೀನುಗಾರಿಕೆಯನ್ನು ತೆರೆಯುತ್ತಾರೆ, ಮುಚ್ಚುತ್ತಾರೆ. ಬಿತ್ತನೆಯ ಕಾಳನ್ನು ಬೇರೆ ಕಟ್ಟಿಟ್ಟು ಉಳಿದುದನ್ನು ಉಣ್ಣುವ ರೈತನ ವಿವೇಕವೇ ಇಲ್ಲಿಯೂ ಇದೆ. ಮೊದಲು ಮೊಟ್ಟೆಯಿಡುವಷ್ಟು ಮೀನು ತೊರೆಯನ್ನು ಸೇರಬೇಕು. ಅನಂತರ ಅದನ್ನೇ ನಂಬಿದವರ ಊಟ ನಡೆಯಬೇಕು. ಮಾರಾಟವೂ ವಿನೋದವೂ ಆಮೇಲಿನವು. ಈ ಕ್ರಮವನ್ನು ಹೇಳುವುದು ಸುಲಭ, ನೆಲೆಗೊಳಿಸುವುದು ಕಷ್ಟ. ಬಾಟ್ಜುಲ್ನೆಟಾಸ್‌ನ ವೃತ್ತಾಂತವು ಆ ಕಷ್ಟವನ್ನು ಎತ್ತಿ ತೋರಿಸುವುದರ ಜೊತೆಗೆ, ತಾಳ್ಮೆಯಿಂದ ಕೇಳಿದ ನ್ಯಾಯಕ್ಕೆ ತಡವಾಗಿಯಾದರೂ ಉತ್ತರ ದೊರೆಯುತ್ತದೆಂಬುದನ್ನೂ ನೆನಪಿಸುತ್ತದೆ.